ಮಗುವಿನ ಹಲ್ಲಿಗೆ ಎರಡು ನಿಮಿಷ

ಗಿರಣಿಯ ಅರ್ಧ ದಿನದ ಕೂಲಿ ಬಿಟ್ಟು ತಂದೆಯೊಬ್ಬ ಏಳು ವರ್ಷದ ಮಗಳನ್ನು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೆ ಕರೆತರುತ್ತಾನೆ. ಹುಳುಕು ಹಲ್ಲಿನ ನೋವಿನಿಂದ ಮಗು ಮೂರು ರಾತ್ರಿ ನಿದ್ದೆ ಮಾಡಿಲ್ಲ. ಕುರ್ಚಿಯ ಮೇಲೆ ಕೂರಿಸಿದೊಡನೆ ಒಬ್ಬರು ಕೈ ಹಿಡಿಯುತ್ತಾರೆ, ಇನ್ನೊಬ್ಬರು ತಲೆ ಹಿಡಿಯುತ್ತಾರೆ, ಸೂಜಿ ಒಸಡಿಗೆ ಇಳಿಯುತ್ತದೆ. ಮಗುವಿನ ಚೀರಾಟ ಕೇಳಿ ಹೊರಗೆ ಸರದಿಯಲ್ಲಿ ಕುಳಿತ ಮಕ್ಕಳೂ ಅಳತೊಡಗುತ್ತವೆ. ಹಲ್ಲು ಹೋಗುತ್ತದೆ, ಭಯ ಉಳಿಯುತ್ತದೆ. ಮುಂದೆ ಎಷ್ಟೇ ನೋವಾದರೂ ಆ ಮಗು ವೈದ್ಯರ ಮುಂದೆ ಬಾಯಿ ತೆರೆಯಲೊಲ್ಲದು. ಇಂಥ ದೃಶ್ಯವನ್ನು ನಾವು ಕಂಡಿದ್ದೇವೆ. ನಮ್ಮ ಓದುಗರಲ್ಲಿಯೂ ಅನೇಕರು ಕಂಡಿರಬೇಕು.

ಸೂಜಿ ಎಂದ ಮೇಲೆ ನೋವು ಇದ್ದದ್ದೇ ಎನ್ನುವವರಿದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಹಲ್ಲು ಕೀಳುವಾಗ ನೋವಾಗಬಾರದೆಂದೇ ಸೂಜಿ ಹಾಕುವುದಲ್ಲವೇ? ಆ ಸೂಜಿಯ ನೋವನ್ನೂ ಬಹುಮಟ್ಟಿಗೆ ತಗ್ಗಿಸಬಹುದು. 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಗ್ನೋಕೇನ್ ಎಂಬ ಔಷಧ ಮುಲಾಮಿನ ರೂಪದಲ್ಲಿಯೂ ದೊರೆಯುತ್ತದೆ. ಒಸಡನ್ನು ಒರೆಸಿ ಒಣಗಿಸಿ, ಇದನ್ನು ಹಚ್ಚಿ ಒಂದೆರಡು ನಿಮಿಷ ಕಾದರೆ ಮೇಲ್ಪದರ ಮರಗಟ್ಟುತ್ತದೆ. ಸೂಜಿ ಮದ್ದಾಗಿ ಮಾತ್ರವಲ್ಲ, ಹಚ್ಚುವ ಮದ್ದಾಗಿಯೂ ಇದು 2022ರ ರಾಷ್ಟ್ರೀಯ ಅತ್ಯಾವಶ್ಯಕ ಔಷಧಿಗಳ ಪಟ್ಟಿಯಲ್ಲಿದೆ. ಎಂದ ಮೇಲೆ ಇದು ಸಿರಿವಂತರ ಮಕ್ಕಳ ಸೊತ್ತಲ್ಲ.

ಮಿಕ್ಕ ಉಪಾಯಗಳಿಗೆ ಕಾಸೂ ಬೇಡ. ಮದ್ದನ್ನು ರಭಸದಿಂದ ಒತ್ತಿದಾಗ ಮಾಂಸ ಬಿಗಿದು ನೋಯುತ್ತದೆ. ಒಂದು ಮಿಲಿಲೀಟರಿಗೆ ಒಂದು ನಿಮಿಷದಂತೆ ನಿಧಾನವಾಗಿ ಬಿಟ್ಟರೆ ನೋವು ಕಡಿಮೆ. ಚುಚ್ಚುವಾಗ ಕೆನ್ನೆಯನ್ನು ಮೆಲ್ಲಗೆ ಅಲುಗಿಸುತ್ತಾ ಮಾತನಾಡಿಸಿದರೆ ಮಗುವಿನ ಗಮನ ಬೇರೆಡೆ ಹೋಗುತ್ತದೆ. ಮೊದಲು ಹೇಳು, ಆಮೇಲೆ ತೋರಿಸು, ಬಳಿಕ ಮಾಡು ಎಂಬ ಕ್ರಮವನ್ನು ಅಮೆರಿಕದ ದಂತವೈದ್ಯ ಆಡಲ್‌ಸ್ಟನ್ 1959ರಲ್ಲಿಯೇ ಬರೆದಿಟ್ಟರು. ಇದರಿಂದ ಪ್ರತಿಯೊಂದು ಮಗುವಿನ ಅಳುವೂ ನಿಲ್ಲುತ್ತದೆಂದು ನಾವು ಹೇಳುವುದಿಲ್ಲ. ಆದರೆ ಕೈಕಾಲು ಬಿಗಿಹಿಡಿಯುವ ಮುನ್ನ ಇಷ್ಟನ್ನಾದರೂ ಮಾಡಬೇಡವೇ?

ವೈದ್ಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ಬಾಗಿಲ ಹೊರಗೆ ಉದ್ದನೆಯ ಸರದಿ ನಿಂತಿರುವಾಗ ಒಬ್ಬ ವೈದ್ಯ ಎಷ್ಟು ಮಕ್ಕಳಿಗೆ ಸಮಾಧಾನ ಹೇಳಿಯಾನು? ಯಂತ್ರದ ವೇಗಕ್ಕೆ ಮನುಷ್ಯನನ್ನು ಓಡಿಸುವ ಲೆಕ್ಕ ಏನೆಂಬುದು ಗಿರಣಿ ಕಾರ್ಮಿಕರಿಗೆ ಗೊತ್ತು. ಅದೇ ಲೆಕ್ಕ ಆಸ್ಪತ್ರೆಗೂ ಬಂದರೆ, ಹಣ ತೆತ್ತವರ ಮಗುವಿಗೆ ಸಮಾಧಾನದ ಮಾತು, ಚೀಟಿ ಹಿಡಿದು ನಿಂತವರ ಮಗುವಿಗೆ ಗದರಿಕೆ ಎಂದಾಗುತ್ತದೆ.

ನಮ್ಮ ತಪ್ಪೂ ಇದೆ. ‘ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ’ ಎಂದು ಹೆದರಿಸುವವರು ನಾವೇ. ಬಾಗಿಲವರೆಗೆ ‘ಏನೂ ಮಾಡುವುದಿಲ್ಲ’ ಎಂದು ಸುಳ್ಳು ಹೇಳುವವರೂ ನಾವೇ. ಇವೆರಡನ್ನೂ ಬಿಡಬೇಕು. ‘ಸ್ವಲ್ಪ ಚುರುಕ್ ಎನ್ನುತ್ತದೆ, ನಾನು ಪಕ್ಕದಲ್ಲೇ ಇರುತ್ತೇನೆ’ ಎಂದರೆ ಸಾಕು. ಸೂಜಿಯಾದ ಮೇಲೆ ತುಟಿ ಕೆಲವು ಗಂಟೆ ಮರಗಟ್ಟಿರುತ್ತದೆ. ಮಗು ಅದನ್ನು ಕಚ್ಚಿಕೊಂಡು ಗಾಯ ಮಾಡಿಕೊಳ್ಳದಂತೆ ನೋಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಮರಗಟ್ಟಿಸುವ ಮದ್ದನ್ನು ಮಗುವಿನ ತೂಕ ನೋಡಿ ವೈದ್ಯರೇ ಕೊಡಬೇಕು. ಅಂಗಡಿಯಿಂದ ತಂದು ಮನೆಯಲ್ಲಿ ಹಚ್ಚುವ ವಸ್ತು ಅದಲ್ಲ.

ಆರೋಗ್ಯ ಇಲಾಖೆಯ ಮುಂದೆ ನಮ್ಮ ಬೇಡಿಕೆ ಮೂರೇ. ಪ್ರತಿ ಸರ್ಕಾರಿ ದಂತ ವಿಭಾಗದಲ್ಲಿ ಹಚ್ಚುವ ಮದ್ದು ಸದಾ ಇರಲಿ. ಸೂಜಿ ಹಾಕುವಾಗ ತಾಯಿಯೋ ತಂದೆಯೋ ಮಗುವಿನ ಪಕ್ಕದಲ್ಲಿ ನಿಲ್ಲಲಿ. ಮದ್ದು ಹಿಡಿಯುವವರೆಗೆ ಆ ಎರಡು ನಿಮಿಷ ಕಾಯಲು ಸಾಧ್ಯವಾಗುವಷ್ಟು ವೈದ್ಯರನ್ನೂ ಸಹಾಯಕರನ್ನೂ ನೇಮಿಸಲಿ. ಇದು ದಾನವಲ್ಲ, ದುಡಿದು ತೆರಿಗೆ ತೆರುವ ಜನರ ಮಕ್ಕಳಿಗೆ ಸಲ್ಲಬೇಕಾದ ಬಾಕಿ. ಮುಂದಿನ ಸಲ ಮಗುವನ್ನು ಕರೆದೊಯ್ದಾಗ, ‘ಮೊದಲು ಮುಲಾಮು ಹಚ್ಚಿ, ಸ್ವಾಮಿ’ ಎಂದು ನಮ್ಮ ಓದುಗರು ಸಂಕೋಚವಿಲ್ಲದೆ ಕೇಳಲಿ.