ಕಲಿತವರು ಮತ್ತೆ ಕಲಿಯಬೇಕು

ಸಂಗೀತದಲ್ಲಿ ದೇಶ ದೇಶಗಳ ಪದ್ಧತಿಗಳನ್ನು ಕೂಡಿಸುವುದು ಕಲಬೆರಕೆಯೆಂದು ಕೆಲವರ ಆಕ್ಷೇಪ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೋ (1923–2009) ಜಾಜ್ ಸಂಗೀತದಲ್ಲಿ ಸ್ಯಾಕ್ಸೋಫೋನ್ ವಾದಕರೆಂದು ಹೆಸರಾದ ಬಳಿಕವೂ ಶಿಷ್ಯರಾಗಿ ಕುಳಿತು ನಾಗಸ್ವರ ಕಲಿತರು. ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಬಳಗದೊಡನೆ, ಆರ್. ಎ. ರಮಾಮಣಿಯವರ ಗಾಯನಕ್ಕೆ ಜೊತೆಗೂಡಿ, 1983ರಲ್ಲಿ 'ಜ್ಯೋತಿ' ಧ್ವನಿಮುದ್ರಿಕೆ ಮಾಡಿದರು. ಕಲಿಯದೆ ಕೂಡಿಸಿದರೆ ಕಲಬೆರಕೆಯಾದೀತು. ಕಲಿತು ಕೂಡಿಸಿದರೆ ಸಂಗಮವೇ ಸರಿ.

ನಮ್ಮ ಮುಳವಾಡದ ಜಾತ್ರೆಗೆ ಕರಡಿಮಜಲು ಬಂದಾಗ, ಕಾಲೇಜು ಓದುವವನೆಂಬ ಬಿಂಕದಿಂದ ನಾನು ದೂರ ನಿಂತಿದ್ದೆ. ಹೊರದೇಶದ ವಿದ್ವಾಂಸರು ನಮ್ಮ ವಾದ್ಯಕ್ಕೆ ಶಿಷ್ಯರಾದರು. ನನ್ನೂರಿನ ಕರಡಿಗೆ ನಾನಾಗಲಿಲ್ಲ. ಮುಂದಿನ ಜಾತ್ರೆಯಲ್ಲಿ ಹತ್ತಿರ ಹೋಗಿ, "ಅಜ್ಜಾ, ನನಗೂ ಒಂದೆರಡು ಪೆಟ್ಟು ಕಲಿಸ್ರಿ" ಎಂದು ಕೇಳುವೆನು.