ಬುತ್ತಿ ಕಟ್ಟುವ ಬುದ್ಧಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಘಟ್ಟದ ರೈಲುಹಾದಿಯ ಉದ್ದ ಸುಮಾರು 55 ಕಿಲೋಮೀಟರ್. ನಡುವೆ 57 ಸುರಂಗಗಳು. ಈ ಹಾದಿಯಲ್ಲಿ ರೈಲು ತೆವಳುತ್ತಾ ಇಳಿಯುವಾಗ ಮೊಬೈಲ್ ಸಂಕೇತ ಪದೇ ಪದೇ ಕಡಿದುಹೋಗುತ್ತದೆ. ಮಕ್ಕಳ ಕೈಯ ಪರದೆಯಲ್ಲಿ ಚಕ್ರವೊಂದು ತಿರುಗುತ್ತಲೇ ಉಳಿಯುತ್ತದೆ. ಅದೇ ಡಬ್ಬಿಯಲ್ಲಿ ಅಜ್ಜಿಯೊಬ್ಬಳು ಬಾಳೆಲೆಯಲ್ಲಿ ಸುತ್ತಿ ತಂದ ಬುತ್ತಿಯನ್ನು ಬಿಚ್ಚುತ್ತಾಳೆ. ಹೋಟೆಲು ಸಿಗದ ದಾರಿಯೆಂದು ಅವಳಿಗೆ ಮೊದಲೇ ಗೊತ್ತು. ಅನ್ನದ ವಿಷಯದಲ್ಲಿ ಇರುವ ಈ ದೂರದೃಷ್ಟಿ ಕಥೆ, ಹಾಡು, ಅರಿವುಗಳ ವಿಷಯದಲ್ಲಿ ಏಕೆ ಇಲ್ಲವಾಯಿತು ಎಂಬುದು ಯೋಚಿಸಬೇಕಾದ ಸಂಗತಿ.

ಈ ಪ್ರಶ್ನೆಗೆ ಅಂಗೈಯಗಲದ ಪೆಟ್ಟಿಗೆಯೊಂದು ಉತ್ತರವಾಗಬಲ್ಲದು. ಬ್ರಿಟನ್ನಿನ ಪ್ರತಿಷ್ಠಾನವೊಂದು ಮಕ್ಕಳಿಗೆ ಗಣಕವಿದ್ಯೆ ಕಲಿಸುವ ಉದ್ದೇಶದಿಂದ ರೂಪಿಸಿದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಿತು. ಅದರ ಇತ್ತೀಚಿನ ಮಾದರಿಗಳಲ್ಲಿ ವೈ-ಫೈ ಅಳವಟ್ಟೇ ಬರುತ್ತದೆ. ಅದಕ್ಕೊಂದು ಪೆನ್‌ಡ್ರೈವ್ ಅಥವಾ ಪುಟ್ಟ ಎಸ್‌ಎಸ್‌ಡಿ ಜೋಡಿಸಿ, ಸೂಕ್ತ ತಂತ್ರಾಂಶ ಹಾಕಿದರೆ ಅದೇ ರೂಟರ್, ಅದೇ ಭಂಡಾರ. ಕುಟುಂಬದ ನಾಲ್ಕಾರು ಫೋನುಗಳು ಅದರ ವೈ-ಫೈಗೆ ಸೇರಿ, ಅಂತರ್ಜಾಲದ ಹಂಗಿಲ್ಲದೆ ಅದರೊಳಗಿನ ಚಿತ್ರ, ಹಾಡು, ಪುಸ್ತಕಗಳನ್ನು ತೆರೆಯಬಹುದು. ವಸತಿಗೃಹ ತಲುಪಿದ ಮೇಲೆ ಎರಡನೆಯ ಯುಎಸ್‌ಬಿ ವೈ-ಫೈ ತುಣುಕನ್ನು ಸಿಕ್ಕಿಸಿ ಅಲ್ಲಿನ ಜಾಲಕ್ಕೆ ಪೆಟ್ಟಿಗೆಯೊಂದನ್ನೇ ಸೇರಿಸಿದರೆ ಸಾಕು. ಮನೆಮಂದಿಯ ಫೋನುಗಳು ಪರಿಚಿತ ಹೆಸರಿನ ತಮ್ಮದೇ ಜಾಲದಲ್ಲಿ, ಅಪರಿಚಿತರ ನೇರ ಸಂಪರ್ಕಕ್ಕೆ ಸಿಗದೆ ಉಳಿಯುತ್ತವೆ.

ವಿದ್ಯುತ್ತಿನ ಲೆಕ್ಕವೂ ಸರಳ. ಹತ್ತು ಸಾವಿರ ಮಿಲಿಆಂಪ್ ಗಂಟೆಯ ಪವರ್ ಬ್ಯಾಂಕಿನಲ್ಲಿ 3.7 ವೋಲ್ಟಿನ ಲೆಕ್ಕಕ್ಕೆ 37 ವ್ಯಾಟ್ ಗಂಟೆಯ ಶಕ್ತಿ ಇರುತ್ತದೆ. ಪರಿವರ್ತನೆಯ ನಷ್ಟ ಕಳೆದು 30 ಉಳಿಯಿತೆನ್ನೋಣ. ಪೆಟ್ಟಿಗೆ ನಾಲ್ಕು ವ್ಯಾಟ್ ಬಳಸಿದರೆ ಏಳು ಗಂಟೆಗೂ ಮಿಗಿಲಾಗಿ ನಡೆಯುತ್ತದೆ. ಆದರೆ ಫೋನುಗಳು ನೇರವಾಗಿ ತೋರಿಸಬಲ್ಲ ರೂಪದಲ್ಲೇ ಚಿತ್ರಗಳನ್ನು ಮನೆಯಲ್ಲಿ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬೇಕು. ದಾರಿಯಲ್ಲಿ ರೂಪಾಂತರಿಸಲು ಹೊರಟರೆ ಪೆಟ್ಟಿಗೆ ಬಿಸಿಯೇರಿ ಬ್ಯಾಟರಿ ಬೇಗ ಬರಿದಾಗುತ್ತದೆ. ಕ್ರಮವಾಗಿ ಮುಚ್ಚದೆ ತಂತಿ ಕಿತ್ತರೆ ಮೆಮೊರಿ ಕಾರ್ಡ್ ಕೆಡುವ ಸಂಭವವಿರುವುದರಿಂದ ಎಲ್ಲದರ ಇನ್ನೊಂದು ಪ್ರತಿ ಮನೆಯಲ್ಲಿರಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಪವರ್ ಬ್ಯಾಂಕನ್ನು ಬಿಟ್ಟುಹೋಗುವುದು ಅಪಾಯಕರ.

ಇಂಥ ಪೆಟ್ಟಿಗೆ ಇಷ್ಟು ಅಗ್ಗವಾಗಿ ಸಾಧ್ಯವಾದುದರ ಹಿಂದೆ ಮಲೆನಾಡಿಗರಿಗೆ ಸುಲಭವಾಗಿ ಅರ್ಥವಾಗುವ ಕಥೆಯಿದೆ. 2003ರಲ್ಲಿ ಲಿಂಕ್ಸಿಸ್ ಕಂಪನಿಯ ರೂಟರ್ ಒಂದರೊಳಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವಿರುವುದು ಬಯಲಾಯಿತು. ಮುಕ್ತ ಪರವಾನಗಿಯ ಷರತ್ತಿನಂತೆ ಕಂಪನಿ ಅದರ ಮೂಲಸಂಕೇತವನ್ನು ಹೊರಗಿಡಬೇಕಾಯಿತು. ಅದರ ಮೇಲೆ 2004ರಲ್ಲಿ ಆಸಕ್ತರು ಕಟ್ಟಿದ್ದೇ ಓಪನ್‌ಡಬ್ಲ್ಯೂಆರ್‌ಟಿ. ಹಾಗೆಯೇ 2018ರಲ್ಲಿ ಎಂಬಿ ಎಂಬ ಮಾಧ್ಯಮ ತಂತ್ರಾಂಶ ತನ್ನ ಮೂಲಸಂಕೇತಕ್ಕೆ ಬೇಲಿ ಹಾಕಿದಾಗ, ಅಲ್ಲಿಯವರೆಗಿನ ಮುಕ್ತ ಭಾಗದಿಂದ ಸ್ವಯಂಸೇವಕರು ಜೆಲ್ಲಿಫಿನ್ ಅನ್ನು ಬೆಳೆಸಿದರು. ಊರೊಟ್ಟಿನ ಗೋಮಾಳಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಕಾಯುವವರಿದ್ದರೆ ಮಾತ್ರ ಅದು ಉಳಿಯುತ್ತದೆ.

ಇಲ್ಲಿ ಪರಿಸರಾಸಕ್ತರ ಆಕ್ಷೇಪ ಏಳುವುದು ಸಹಜ: ಇದು ಇನ್ನೊಂದು ಇ-ಕಸವಲ್ಲವೇ? ಆಕ್ಷೇಪ ನ್ಯಾಯವಾದುದೇ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯಂತೆ 2022ರಲ್ಲಿ ಜಗತ್ತು ಹುಟ್ಟಿಸಿದ ಇ-ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದ ದಾಖಲೆಯಿರುವುದು ಶೇಕಡ 22.3 ಮಾತ್ರ. ಆದ್ದರಿಂದ ಮೊದಲು ಹುಡುಕಬೇಕಾದುದು ಅಂಗಡಿಯಲ್ಲಲ್ಲ, ಮನೆಯ ಅಟ್ಟದಲ್ಲಿ. ಯುಎಸ್‌ಬಿ ಕಿಂಡಿಯಿರುವ ಹಳೆಯ ರೂಟರ್, ಪರದೆ ಒಡೆದ ಲ್ಯಾಪ್‌ಟಾಪ್, ಮೂಲೆ ಸೇರಿದ ಪೈ ಇವೆಲ್ಲ ಈ ಕೆಲಸಕ್ಕೆ ಒದಗಬಲ್ಲವು. ಎಲ್ಲ ಹಳೆಯ ರೂಟರುಗಳೂ ಒದಗುವುದಿಲ್ಲವೆಂಬುದು ನಿಜ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್‌ನವು ಓಪನ್‌ಡಬ್ಲ್ಯೂಆರ್‌ಟಿಯ ಇಂದಿನ ಆವೃತ್ತಿಗಳಿಗೆ ಸಾಲವು. ಹೊಸದನ್ನು ಕೊಳ್ಳಲೇಬೇಕಾದರೆ ಎರಡು ಮೂರು ಮನೆಗಳು ಸೇರಿ ಒಂದನ್ನು ಕೊಂಡು, ಪಯಣ ಹೊರಟವರಿಗೆ ಕೊಟ್ಟು ಪಡೆಯುವುದು ಲೇಸು. ನೆರೆಮನೆಯ ಏಣಿಯನ್ನು ಎರವಲು ತರುವ ಊರುಗಳಿಗೆ ಇದು ಹೊಸತೇನಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಘಟ್ಟದ ಕಾಡು ಕಿಟಕಿಯಾಚೆ ಸರಿಯುತ್ತಿರುವಾಗ ಮಗುವಿನ ಕೈಗೆ ಪರದೆ ಕೊಡುವುದೇ ತಪ್ಪಲ್ಲವೇ? ಹೌದು, ತಪ್ಪು. ಆದರೆ ಸಂಕೇತ ಸಿಗುವಲ್ಲೆಲ್ಲ ಪರದೆ ಈಗಾಗಲೇ ಮಗುವಿನ ಕೈಯಲ್ಲಿದೆ. ಅದರಲ್ಲಿ ಮುಂದೇನು ಬರಬೇಕೆಂಬುದನ್ನು ನಿರ್ಧರಿಸುವುದು ದೂರದ ಕಂಪನಿಯ ಲೆಕ್ಕಾಚಾರ. ಪೆಟ್ಟಿಗೆಯಲ್ಲಿ ಹಾಗಿಲ್ಲ. ಕಟ್ಟಿದಷ್ಟೇ ಬುತ್ತಿ, ಉಂಡು ಮುಗಿದರೆ ಮುಗಿಯಿತು. ಹಗಲು ಕಿಟಕಿಗೆ, ಇರುಳಿನ ಕಾಯುವಿಕೆ ಪೆಟ್ಟಿಗೆಗೆ ಎಂಬ ನಿಯಮವನ್ನು ಮನೆಯವರೇ ಮಾಡಿಕೊಳ್ಳಬಹುದು.

ಹಾಗಾದರೆ ಬುತ್ತಿಯಲ್ಲಿ ಏನಿರಬೇಕು? ಬಾಡಿಗೆಯ ಸಿನಿಮಾ ಸೇವೆಗಳ ಚಿತ್ರಗಳು ಬೀಗಮುದ್ರೆಯೊಂದಿಗೇ ಬರುವುದರಿಂದ ಅವು ಪೆಟ್ಟಿಗೆಗೆ ಸೇರವು. ಬೀಗ ಮುರಿಯುವುದು ಕಾನೂನಿಗೂ ವಿರುದ್ಧ. ಆದರೆ ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ತುಂಬಿಕೊಳ್ಳಬಹುದು. ಘಟ್ಟದಲ್ಲಿ ಕಂಡ ಹಕ್ಕಿಯ ಹೆಸರನ್ನು ಸಂಕೇತವಿಲ್ಲದ ಜಾಗದಲ್ಲೇ ಹುಡುಕಬಹುದು.

ಎಲ್ಲಕ್ಕಿಂತ ಮಿಗಿಲಾದುದು ಮನೆಯದೇ ಸರಕು. ಅಜ್ಜಿಯ ಹಸೆ ಹಾಡು, ಹಿರಿಯರ ಬೇಟೆಯ ಕಥೆ, ಹಳೆಯ ಮಳೆಗಾಲದ ಚಿತ್ರಗಳು ಇಂದು ಸತ್ತ ಫೋನುಗಳಲ್ಲಿ, ಗುಪ್ತಪದ ಮರೆತ ಖಾತೆಗಳಲ್ಲಿ ಹೂತುಹೋಗಿವೆ. ಹಾಡಿದವಳು ತೀರಿಕೊಂಡ ಮೇಲೆ ಅವುಗಳಿಗೆ ಬೇರೆ ಪ್ರತಿಯಿಲ್ಲ. ಬೀಜ ಉಳಿಸಿಕೊಳ್ಳದ ರೈತ ಪ್ರತಿವರ್ಷವೂ ಅಂಗಡಿಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆಂಬುದನ್ನು ಮಲೆನಾಡು ತನ್ನ ಗದ್ದೆಗಳಲ್ಲೇ ಕಂಡಿದೆ. ಹಾಡಿನ ಬೀಜವಾದರೋ ಅಂಗಡಿಯಲ್ಲೂ ಸಿಗದು. ಮುಂದಿನ ಪಯಣದ ನೆಪದಲ್ಲಾದರೂ ಒಂದು ಸಂಜೆ ಮನೆಮಂದಿ ಕುಳಿತು ಅವನ್ನೆಲ್ಲ ಹುಡುಕಿ ಒಂದೆಡೆ ಸೇರಿಸಿದರೆ, ಪೆಟ್ಟಿಗೆ ಮನೆ ಬಿಟ್ಟು ಹೊರಡುವ ಮೊದಲೇ ಅದರ ಅರ್ಧ ಕೆಲಸ ಮುಗಿದಿರುತ್ತದೆ.