ನಮ್ಮ ನಿಮ್ಮ ಮಾತು: ಅಂಜುಬುರುಕನ ಕಣ್ಣು

ಕಳೆದ ಬೇಸಿಗೆಯಲ್ಲಿ ನಮ್ಮ ತಂಗಿಯ ಮಗ ಊರಿನಿಂದ ಬಂದಿದ್ದ. ಏಳು ವರ್ಷದ ಹುಡುಗ. ಹಗಲೆಲ್ಲ ಮುಂಬಯಿಯ ನಮ್ಮ ಚಾಳನ್ನೇ ತಲೆಯ ಮೇಲೆ ಹೊತ್ತು ಕುಣಿಯುವವನು, ದೀಪ ಹಚ್ಚುವ ಹೊತ್ತಾಯಿತೆಂದರೆ ಮೂಲೆ ಹಿಡಿಯುತ್ತಿದ್ದ. ಕೆಳಗಿನ ಅಂಗಡಿಯಿಂದ ಬೆಂಕಿಪೆಟ್ಟಿಗೆ ತಾ ಎಂದರೆ ಮೆಟ್ಟಲ ಬಳಿ ನಿಂತೇಬಿಡುವನು. ನಾವು ಅವನಿಗೆ 'ಅಂಜುಬುರುಕ'ನೆಂದು ಹೆಸರಿಟ್ಟೆವು. ಒಂದು ಸಂಜೆ ಗದರಿಸಿ ಕಳಿಸಿದೆವು. ಬಿದ್ದು ಮೊಣಕಾಲು ಒಡೆದುಕೊಂಡ.

ಗಾಯ ತೊಳೆಯುತ್ತಿದ್ದ ನಮ್ಮ ಮನೆಯವರು, "ಇದು ಅಂಜಿಕಿ ಅಲ್ಲರೀ, ಹುಡುಗಗ ಖರೇನ ಕಾಣಂಗಿಲ್ಲ" ಎಂದರು.

"ಹೌದ ಮಾಮಾ, ಸಂಜೀಮುಂದ ಮೆಟ್ಲ ಕಾಣಂಗಿಲ್ಲ" ಎಂದ ಹುಡುಗ. ಅದುವರೆಗೆ ನಾವು ಅವನನ್ನು ಕೇಳಿಯೇ ಇರಲಿಲ್ಲ!

ವೈದ್ಯರು ನೋಡಿ, ಇದು ಇರುಳುಗುರುಡು ಎಂದರು. ಹಿಂದಿನ ವರ್ಷ ಹುಡುಗ ತಿಂಗಳುಗಟ್ಟಲೆ ಹೊಟ್ಟೆ ಕೆಟ್ಟು ಸೊರಗಿದ್ದ. ಸೊಪ್ಪು ಕಂಡರೆ ಮುಖ ತಿರುಗಿಸುವವನು ಬೇರೆ. 'ಎ' ಜೀವಸತ್ವ ಕಡಿಮೆಯಾಗಿತ್ತು.

ಕಣ್ಣಿಗೂ ಸೊಪ್ಪಿಗೂ ಎಲ್ಲಿಯ ನಂಟು? ಬಿ.ಎ. ಓದಿ ಗುಮಾಸ್ತರಾದ ನಮಗೆ ಅದು ತಿಳಿದಿರಲಿಲ್ಲ. ಪುಸ್ತಕ ತಂದು ಓದಿದೆವು. ಓದಿದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ಕಣ್ಣಿನ ಒಳಗೋಡೆಗೆ ಹಿಂಬದಿಯಲ್ಲಿ ಅಂಟಿಕೊಂಡಿರುವ ತೆಳುವಾದ ಪೊರೆಯೇ ಅಕ್ಷಿಪಟಲ. ಬೆಳಕನ್ನು ಹಿಡಿಯುವ ಕೋಶಗಳು ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಶಂಕುವಿನ ಆಕಾರದವು ಸುಮಾರು 60 ಲಕ್ಷ. ಇವು ಹಗಲಿನವು, ಬಣ್ಣ ತಿಳಿಸುವವು. ಕಡ್ಡಿಯ ಆಕಾರದವು ಸುಮಾರು 12 ಕೋಟಿ. ಇವಕ್ಕೆ ಬಣ್ಣದ ಭೇದ ತಿಳಿಯದು, ಆದರೆ ಮಬ್ಬು ಬೆಳಕಿನಲ್ಲಿ ನಮಗೆ ಇವೇ ಗತಿ.

ಕಡ್ಡಿಕೋಶಗಳಲ್ಲಿ ರೊಡಾಪ್ಸಿನ್ ಎಂಬ ಕೆಂಪು ದ್ರವ್ಯವಿದೆ. ಬೆಳಕು ತಾಗಿದರೆ ಇದರ ಬಣ್ಣ ಮಾಸುವುದನ್ನು ಫ್ರಾಂಟ್ಸ್ ಬೋಲ್ ಎಂಬ ವಿಜ್ಞಾನಿ 1876ರಲ್ಲಿ ಕಪ್ಪೆಯ ಕಣ್ಣಿನಲ್ಲಿ ಕಂಡರು. ಇದರೊಳಗೆ 'ಎ' ಜೀವಸತ್ವದಿಂದಾದ ಪುಟ್ಟ ಅಣುವೊಂದು ಬಾಗಿ ಕುಳಿತಿರುತ್ತದೆ. ಬೆಳಕು ತಗುಲಿತೋ, ಅದು ನೆಟ್ಟಗಾಗುತ್ತದೆ. ನಾವು ಕಾಣುವುದರ ಮೊದಲ ಹೆಜ್ಜೆ ಇದೇ. ಜೀವಸತ್ವಕ್ಕೂ ದೃಷ್ಟಿಗೂ ಇರುವ ಈ ನಂಟನ್ನು ಬಿಡಿಸಿ ತೋರಿಸಿದ ಅಮೆರಿಕದ ಜಾರ್ಜ್ ವಾಲ್ಡರು 1967ರ ನೊಬೆಲ್ ಬಹುಮಾನವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು.

ಇನ್ನೊಂದು ಸೋಜಿಗ ಕೇಳಿ. ಈ ಕೋಶಗಳು ಕತ್ತಲಲ್ಲಿ ಸುಮ್ಮನಿರುವುದಿಲ್ಲ. ಮುಂದಿನ ಕೋಶಕ್ಕೆ ಒಂದು ರಾಸಾಯನಿಕವನ್ನು ಸುರಿಸುತ್ತಲೇ ಇರುತ್ತವೆ. ಬೆಳಕು ಬಿದ್ದಾಗ ಸುರಿತ ತಗ್ಗುತ್ತದೆ. ತಗ್ಗಿತೆಂಬುದೇ ಬೆಳಕು ಬಂದಿತೆಂಬ ವರದಿ! ಆ ವರದಿ ನಮ್ಮ ಕಚೇರಿಯ ಕಡತದಂತೆ ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟುತ್ತ ಸಂಕ್ಷೇಪವಾಗುತ್ತದೆ. ಹನ್ನೆರಡು ಕೋಟಿಗೂ ಮಿಕ್ಕ ಕೋಶಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವ ಕಣ್ಣಿನ ನರದಲ್ಲಿ ಎಳೆಗಳಿರುವುದು ಸುಮಾರು ಹತ್ತು ಲಕ್ಷ ಮಾತ್ರ. ಕಡತ ಕೊನೆಗೆ ತಲುಪುವುದು ತಲೆಯ ಹಿಂಭಾಗದ ಮಿದುಳಿಗೆ. ಅದು ಓದಿದರೇ ನಾವು ಕಂಡಂತೆ.

ನೆಟ್ಟಗಾದ ಅಣು ಮತ್ತೆ ಬಾಗಿ ಸಿದ್ಧವಾಗಲು ಹೊತ್ತು ಬೇಕು. ಬಿಸಿಲಿನಿಂದ ಸಿನಿಮಾ ಮಂದಿರಕ್ಕೆ ಹೊಕ್ಕಾಗ ಮೊದಲು ನಾವು ಕುರ್ಚಿ ತಡಕಾಡುವುದು ಇದಕ್ಕೇ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು ಅರ್ಧ ಗಂಟೆಯಾದರೂ ಬೇಕು. ಜೀವಸತ್ವದ ದಾಸ್ತಾನೇ ಬರಿದಾದರೆ ಅರ್ಧ ಗಂಟೆಯಲ್ಲ, ರಾತ್ರಿಯಿಡೀ ಕಾದರೂ ಮೆಟ್ಟಲು ಕಾಣದು.

ವೈದ್ಯರು ಔಷಧ ಕೊಟ್ಟರು. ಕೆಲವೇ ದಿನಗಳಲ್ಲಿ ಹುಡುಗ ಸಂಜೆ ತಾನಾಗಿ ಕೆಳಗಿಳಿದು ಬೆಂಕಿಪೆಟ್ಟಿಗೆ ತಂದ. ನಾವು ಅವನ ಹಳೆಯ ಹೆಸರನ್ನು ಮತ್ತೆ ಎತ್ತಲಿಲ್ಲ.

ಮಕ್ಕಳಿಗೆ ಹಾಲು, ಮೊಟ್ಟೆ, ಪರಂಗಿ, ಮಾವು, ಗಜ್ಜರಿ, ಒಗ್ಗರಣೆ ಹಾಕಿದ ಸೊಪ್ಪಿನ ಪಲ್ಯ ಸಿಗಲಿ. ಆದರೆ ಈ ಜೀವಸತ್ವ ಅತಿಯಾದರೂ ಕೇಡು. ಇರುಳುಗುರುಡಿಗೆ ವಂಶದಿಂದ ಬರುವ ಬೇರೆ ಕಾರಣಗಳೂ ಉಂಟು. ಆದುದರಿಂದ ಮಾತ್ರೆ ತಂದು ನುಂಗಿಸದೆ ವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು, ಕತ್ತಲೆಗೆ ಹಿಂಜರಿಯುವ ಮಗುವನ್ನು ಗದರಿಸದೆ ಒಂದು ಮಾತು ಕೇಳಿ: "ಕಾಣಸ್ತದೇನಪಾ?" ನಾವು ಕೇಳಿದ್ದರೆ ಆ ಮೊಣಕಾಲು ಒಡೆಯುತ್ತಿರಲಿಲ್ಲ.